ಹಿಂದಿನ ಗೇಟಿನ ಬಸಳೆ ಚಪ್ಪರ

ಬಸಳೆ ಬೇಯುವ ವಾಸನೆ ಬಂದರೆ ನಮ್ಮ ಕಡೆಯವರಿಗೆಲ್ಲ ಬಾಯಲ್ಲಿ ನೀರೂರುತ್ತದೆ. ನನಗೆ ಗಂಟಲು ಒಣಗುತ್ತದೆ. ಮೊದಲು ಕಾಯಿ ಮಸಾಲೆಯ ಪರಿಮಳ ಬರುತ್ತದೆ, ಅದರ ಬೆನ್ನಿಗೇ ಸುಟ್ಟ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಕಮಟು. ಹೆಂಡತಿ ವಸಂತಿಗೆ ಇದು ಗೊತ್ತು. ಹಾಗಾಗಿ ನಮ್ಮ ಮನೆಯಲ್ಲಿ ಬಸಳೆ ಮಾಡುವುದಿಲ್ಲ. ಅಕ್ಕನ ಮಗಳು ಶುಭಳಿಗೆ ಗೊತ್ತಿರಲಿಲ್ಲ.

ಕೆಲಸ ಬಿಟ್ಟು ಮುಲ್ಕಿಗೆ ಹೋಗಿ ನಾಲ್ಕು ವರ್ಷವಾದ ಮೇಲೆ ವಿಸಿಟ್ ವೀಸಾದಲ್ಲಿ ಮತ್ತೆ ಕುವೈತಿಗೆ ಬಂದಿದ್ದೆ. ಶುಭಳ ಮನೆ ಎಗೈಲಾದಲ್ಲಿ. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತರೆ ಬಟ್ಟಲಲ್ಲಿ ಬಸಳೆ ಮತ್ತು ಒಣ ಸಿಗಡಿಯ ಗಸಿ. ಅವಳ ಮಗ 'ಸ್ಲೈಮೀ' ಎಂದು ಮೂಗು ಮುಚ್ಚಿಕೊಂಡು ಎದ್ದುಹೋದ. ನಾನು ಹಾಗೆ ಏಳುವಂತಿರಲಿಲ್ಲ. ಮಾವ ಬಂದಿದ್ದಾರೆ ಎಂದು ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತವಳು. ಹೇಗೋ ಎರಡು ತುತ್ತು ನುಂಗಿ, ಮಾತಿಗೆ ಒಂದು ಮಾತು ಎಂದು ಕೇಳಿದೆ, ಇಷ್ಟು ಎಳೆಯ ಬಸಳೆ ಎಲ್ಲಿ ಸಿಕ್ಕಿತು ಅಂತ.

"ಅಂಗಡಿದಲ್ಲ ಮಾವ, ನಾನೇ ನೆಟ್ಟದ್ದು. ಕೆಳಗೆ ಟ್ರಾನ್ಸ್‌ಫಾರ್ಮರಿನ ಬೇಲಿ ಉಂಟಲ್ಲ, ಅದಕ್ಕೇ ಹಬ್ಬಿಸಿದ್ದೇನೆ. ಎಂಥ ಚಂದ ಬಂದಿದೆ ಗೊತ್ತುಂಟಾ?"

ನನ್ನ ಕೈ ಅನ್ನದಲ್ಲೇ ನಿಂತುಬಿಟ್ಟಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆ. ಆಗ ನಾನು ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಇಲೆಕ್ಟ್ರಿಕಲ್ ಸೂಪರ್‌ವೈಸರ್. ನಾನು, ವಸಂತಿ, ಇಬ್ಬರು ಹೆಣ್ಣುಮಕ್ಕಳು ಹವಲ್ಲಿಯ ಒಂದು ಹಳೆಯ ಕಟ್ಟಡದ ಮೂರನೇ ಮಾಳಿಗೆಯಲ್ಲಿದ್ದೆವು. ಕಂಪನಿ ಊರ ಹೊರಗಿತ್ತು. ದೊಡ್ಡ ಕಾಂಪೌಂಡು, ಒಳಗೆ ಕೋಳಿ, ಮೀನು, ಬೆಣ್ಣೆ ತುಂಬಿದ ತಣ್ಣನೆಯ ಗೋದಾಮುಗಳು, ಒಂದು ಮೂಲೆಯಲ್ಲಿ ಕೆಲಸಗಾರರ ಕೋಣೆಗಳು. ಇದಕ್ಕೆಲ್ಲ ಕರೆಂಟು ಕೊಡುವುದು ಗೋದಾಮಿನ ಹಿಂದೆ ತಂತಿಬೇಲಿಯೊಳಗೆ ಕೂತಿದ್ದ ಎರಡು ಟ್ರಾನ್ಸ್‌ಫಾರ್ಮರುಗಳು. ಒಂದೊಂದೂ ಸಣ್ಣ ಕೋಣೆಯಷ್ಟು ದೊಡ್ಡದು, ಹೊಟ್ಟೆ ತುಂಬ ಎಣ್ಣೆ. ಎರಡರ ನಡುವೆ ಬೆಂಕಿ ದಾಟದ ಹಾಗೆ ಗೋಡೆ. ನೆಲಕ್ಕೆ ಜಲ್ಲಿ, ಎಣ್ಣೆ ಚೆಲ್ಲಿದರೆ ಕೆಳಗಿಳಿದು ಹೋಗಲಿ ಎಂದು. ಬೇಲಿಯ ತುದಿಯಲ್ಲಿ ಮುಳ್ಳುತಂತಿ. ಮುಂದೊಂದು ಗೇಟು, ಬೀಗ ಹಾಕಿದ್ದು. ಹಿಂದೊಂದು ಗೇಟು, ಬೀಗವಿಲ್ಲದ್ದು, ಒಳಗಿನಿಂದ ದೂಡಿದರೆ ಹೊರಗೆ ತೆರೆಯುವಂಥದ್ದು.

ನನಗೆ ಆ ಕೆಲಸ ಕಲಿಸಿದವರು ಈಜಿಪ್ಟಿನ ಒಬ್ಬ ಹಿರಿಯ ಇಂಜಿನಿಯರು. ಎಲ್ಲರೂ ಅವರನ್ನು ಮುಹಂದಿಸ್, ಅಂದರೆ ಅರಬ್ಬಿಯಲ್ಲಿ ಇಂಜಿನಿಯರ್, ಎಂದೇ ಕರೆಯುತ್ತಿದ್ದದ್ದು. ಬೇಲಿಯ ಒಳಗೆ ಏನೂ ಇಡಬಾರದು, ಹೊರಗೂ ಸುತ್ತ ಎರಡು ಮೀಟರ್ ನೆಲ ಖಾಲಿ ಇರಬೇಕು, ಪೆಟ್ಟಿಗೆ ಇಲ್ಲ, ಹಲಗೆ ಇಲ್ಲ, ಬೇಲಿಗೆ ಒರಗಿಸಿದ ಏಣಿ ಇಲ್ಲ, ಇದು ಅವರ ಮೊದಲ ಪಾಠ. ಎರಡು ಗೇಟು ಯಾಕೆ ಎಂದು ನಾನು ಕೇಳಿದ್ದಕ್ಕೆ, ಒಂದು ಗೇಟು ಬೆಂಕಿಗೆ, ಇನ್ನೊಂದು ಮನುಷ್ಯನಿಗೆ ಎಂದಿದ್ದರು. ಬೆಂಕಿ ಯಾವ ಗೇಟನ್ನು ಹಿಡಿಯುತ್ತದೆ ಎಂದು ಮೊದಲೇ ಹೇಳುವುದಿಲ್ಲವಂತೆ. ಪ್ರತಿ ಶನಿವಾರ ನಾನು ಬೇಲಿಗೆ ಸುತ್ತು ಹಾಕಿ, ಒಂದು ಕಾಗದದಲ್ಲಿ ಹತ್ತು ಹನ್ನೆರಡು ಸಾಲುಗಳ ಎದುರು ಟಿಕ್ ಹಾಕಿ ಸಹಿ ಮಾಡಬೇಕು. 'ಹಿಂದಿನ ಗೇಟು ಸಲೀಸಾಗಿ ತೆರೆಯುತ್ತದೆ' ಎನ್ನುವುದು ಅದರಲ್ಲಿ ಕೊನೆಯ ಸಾಲು.

ಇನ್ನು ಲಿಗೋರಿ ಪೊರ್ಬುಗಳು. ತುಳುವರು ನಾವು ಕ್ರಿಶ್ಚಿಯನರನ್ನು ಗೌರವದಿಂದ ಪೊರ್ಬು ಎನ್ನುತ್ತೇವೆ, ಒಬ್ಬರೇ ಇದ್ದರೂ ಪೊರ್ಬುಗಳು. ಕಿನ್ನಿಗೋಳಿ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಗೋದಾಮಿನ ಸ್ಟೋರ್‌ಕೀಪರ್. ಮನೆಯಲ್ಲಿ ಕೊಂಕಣಿ, ನನ್ನೊಡನೆ ಅರ್ಧ ತುಳು ಅರ್ಧ ಕನ್ನಡ. ಕಿರಿಮಗಳು ನರ್ಸಿಂಗ್ ಓದುತ್ತಿದ್ದಳು. ಅವಳದ್ದು ಮುಗಿಯುವವರೆಗೆ ಇನ್ನೆರಡು ವರ್ಷ ಇದ್ದು ಹೋಗುವುದು ಎಂದು ಲೆಕ್ಕ ಹಾಕಿದ್ದರು. ಹಿಂದಿನ ವರ್ಷ ರಜೆಗೆ ಹೋದವರು ಬರುವಾಗ ನಾಲ್ಕು ತುಂಡು ಬಸಳೆ ದಂಟನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಅಂಗಿಗಳ ನಡುವೆ ಅಡಗಿಸಿ ತಂದಿದ್ದರು. ಚಿನ್ನ ತಂದವನೂ ಅಷ್ಟು ಹೆದರಿರಲಿಕ್ಕಿಲ್ಲ.

ಇಡೀ ಕಾಂಪೌಂಡಿನಲ್ಲಿ ಬಸಳೆ ಬದುಕಬಹುದಾದ ಜಾಗ ಒಂದೇ ಒಂದು. ಗೋದಾಮಿನ ತಣ್ಣನೆ ಕೋಣೆಗಳ ನೀರು ಒಂದು ಪೈಪಿನಲ್ಲಿ ಹನಿ ಹನಿಯಾಗಿ ಹೊರಗೆ ಬೀಳುತ್ತಿತ್ತು. ಬೀಳುತ್ತಿದ್ದದ್ದು ಗೋದಾಮಿನ ಗೋಡೆಯ ನೆರಳಿನಲ್ಲಿ, ಬೇಲಿಯ ಹಿಂದಿನ ಗೇಟಿನ ಪಕ್ಕದಲ್ಲಿ. ಪೊರ್ಬುಗಳು ಅಲ್ಲಿ ನೆಟ್ಟರು. ಊರಲ್ಲಾದರೆ ಬಸಳೆಗೆ ಚಪ್ಪರ ಹಾಕಬೇಕು. ಇಲ್ಲಿ ಸರಕಾರಿ ಅಳತೆಯ ತಂತಿಬೇಲಿ ರೆಡಿ ಇತ್ತು. ಬಳ್ಳಿ ನೋಡುತ್ತಾ ನೋಡುತ್ತಾ ಬೇಲಿ ಹತ್ತಿತು.

ನಾನು ಮೊದಲ ಸಲ ನೋಡಿದಾಗ ಬೈದದ್ದು ಹೌದು. ಸುಳ್ಳು ಹೇಳುವುದಿಲ್ಲ. ನನ್ನ ಬಾಯಿ ಆಗ ಸುಮ್ಮನಿರುವ ಬಾಯಿ ಅಲ್ಲ, ಕಂಪನಿಯಲ್ಲಿ ನನಗೆ ಮೆಣಸು ಎಂದೇ ಹೆಸರಿತ್ತು. ನೆಡಲಿಕ್ಕೆ ನಿಮಗೆ ಬೇರೆ ಜಾಗವೇ ಸಿಗಲಿಲ್ಲವಾ ಎಂದು ಹಾರಾಡಿದೆ. ಪೊರ್ಬುಗಳು ಬಳ್ಳಿಯ ಬುಡಕ್ಕೆ ಮಣ್ಣು ಒತ್ತುತ್ತಲೇ ಇದ್ದರು. ಗುರುವಾರ ಸಂಜೆ ನಾನು ಹೊರಡುವಾಗ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟನ್ನು ಕಾರಿನ ಸೀಟಿನ ಮೇಲೆ ಇಟ್ಟರು.

ಆ ದಿನ ನಮ್ಮ ಮನೆಯಲ್ಲಿ ಹಬ್ಬ. ವಸಂತಿ ಬಸಳೆ ಕಾಣದೆ ಎರಡು ವರ್ಷವಾಗಿತ್ತು. ದಂಟನ್ನು ಮೂಸಿ ಮೂಸಿ ನೋಡಿದಳು. ಮಕ್ಕಳು ಬಟ್ಟಲು ನೆಕ್ಕಿದರು. ಅಲ್ಲಿಗೆ ನನ್ನ ಮೆಣಸಿನ ಖಾರ ಇಳಿಯಿತು. ಪ್ರತಿ ಗುರುವಾರ ಒಂದು ಕಟ್ಟು ಬಂತು, ಪ್ರತಿ ಶನಿವಾರ ನನ್ನ ಟಿಕ್ ಬಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಕಾಯಲಿಕ್ಕೆ ಇಟ್ಟ ಬೇಲಿ ನಾನು, ಮೇಯ್ದವನೂ ನಾನೇ.

ಸುದ್ದಿ ಸಾಲ್ಮಿಯಾದವರೆಗೆ ಹೋಯಿತು. ಶುಕ್ರವಾರ ಇಗರ್ಜಿಯಲ್ಲಿ ಪೊರ್ಬುಗಳನ್ನು ಹುಡುಕಿಕೊಂಡು ಜನ ಬರುತ್ತಿದ್ದರಂತೆ, ಬಸಳೆ ಉಂಟಾ ಎಂದು. ಬಸಳೆ ಕೇಳುವ ಮನೆಗಳು ಹೆಚ್ಚಾದವು, ಬೇಲಿ ಸಾಲಲಿಲ್ಲ. ಪೊರ್ಬುಗಳು ಒಡೆದ ಪೆಟ್ಟಿಗೆಗಳ ಮರದ ಪಟ್ಟಿ ತಂದು, ಬೇಲಿಯಿಂದ ಗೋದಾಮಿನ ಗೋಡೆಗೆ ಬೈಂಡಿಂಗ್ ತಂತಿ ಎಳೆದು, ಊರಿನ ಹಾಗೇ ಚಪ್ಪರ ಕಟ್ಟಿದರು. ಚಪ್ಪರದ ಎರಡು ಕಂಬ ಸರಿಯಾಗಿ ಹಿಂದಿನ ಗೇಟಿನ ಎದುರಿಗೆ. ಅದರ ಕೆಳಗೆ ನಿಂತರೆ ಕುವೈತಿನಲ್ಲಿದ್ದೇನೆ ಎನ್ನುವುದು ಮರೆತುಹೋಗುತ್ತಿತ್ತು. ನಾನೂ ಚಹಾ ಹಿಡಿದುಕೊಂಡು ಅಲ್ಲಿ ನಿಲ್ಲುತ್ತಿದ್ದೆ.

ಜೂನ್‌ನಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ಬಿಡಿಭಾಗ ಹೊರದೇಶದಿಂದ ಬರಬೇಕು. ಇಡೀ ಕೋಲ್ಡ್ ಸ್ಟೋರೇಜಿನ ಭಾರ ಇನ್ನೊಂದರ ತಲೆಗೆ ಬಿತ್ತು. ಜುಲೈಯಲ್ಲಿ ಬಿಸಿಲು ಹೇಗಿತ್ತೆಂದರೆ ಬೆಳಿಗ್ಗೆ ಹತ್ತಕ್ಕೆ ಬೇಲಿಯ ಕಂಬ ಮುಟ್ಟಲಾಗುತ್ತಿರಲಿಲ್ಲ. ಎಣ್ಣೆಯ ಬಿಸಿ ತೋರಿಸುವ ಗಡಿಯಾರದ ಮುಳ್ಳು ಕೆಂಪು ಗೆರೆಯ ಹತ್ತಿರ ಹತ್ತಿರ ಸರಿಯುತ್ತಿತ್ತು. ಗಂಟೆಗೊಮ್ಮೆ ಒಳಗೆ ಹೋಗಿ ಓದಿ ಬರೆಯಬೇಕು. ಅದಕ್ಕೆ ನಾನು ಮತ್ತು ಇಕ್ಬಾಲ್ ಭಾಯಿ. ಇಕ್ಬಾಲ್ ಪಾಕಿಸ್ತಾನದ ಪಂಜಾಬಿನವನು, ನನ್ನ ಕೈಕೆಳಗಿನ ಟೆಕ್ನಿಷಿಯನ್, ಆರಡಿ ಎತ್ತರ. ಕಣ್ಣು ಕಟ್ಟಿದರೂ ಇಕ್ಕಳ ಹಿಡಿದು ಕೇಬಲ್ ಜೋಡಿಸುವ ಕೈ ಅವನದ್ದು. ಕೇಬಲ್ ಬಾಕ್ಸಿನ, ಅಂದರೆ ಟ್ರಾನ್ಸ್‌ಫಾರ್ಮರಿಗೆ ಕೇಬಲ್ ಸೇರುವ ಪೆಟ್ಟಿಗೆಯ, ಕೆಳಗೆ ಎಣ್ಣೆ ಜಿನುಗುವುದನ್ನು ಮೊದಲು ನೋಡಿದವನೂ ಅವನೇ. ಒಂದು ದಿನ ಎಲ್ಲವನ್ನೂ ಆಫ್ ಮಾಡಿ ರಿಪೇರಿ ಮಾಡೋಣ ಎಂದು ನಾನು ಮುದೀರ್ ಹತ್ತಿರ, ಅಂದರೆ ನಮ್ಮ ಮ್ಯಾನೇಜರ್ ಹತ್ತಿರ, ಎರಡು ಸಲ ಕೇಳಿದೆ. ಒಳಗಿನ ಕೋಳಿ ಕರಗಿದರೆ ನಿನ್ನ ತಲೆ ಕೊಡುತ್ತೀಯಾ ಎಂದು ಅವನು ಕೇಳಿದ.

ಅದೇ ಜುಲೈಯ ಒಂದು ಶನಿವಾರ ತೂಜ್ ಎದ್ದಿತ್ತು. ತೂಜ್ ಎಂದರೆ ಅಲ್ಲಿನ ಧೂಳುಗಾಳಿ, ಆಕಾಶ ಭೂಮಿ ಎಲ್ಲ ಒಂದೇ ಕಂದು ಬಣ್ಣ. ಕಣ್ಣಿಗೆ ಬಟ್ಟೆ ಸುತ್ತಿಕೊಂಡು ಬೇಲಿ ಸುತ್ತುತ್ತಾ ಹಿಂದಿನ ಗೇಟಿಗೆ ಬಂದರೆ, ಅದನ್ನು ಹೊರಗಿನಿಂದ ಬೈಂಡಿಂಗ್ ತಂತಿಯಲ್ಲಿ ಬೇಲಿಯ ಕಂಬಕ್ಕೆ ಕಟ್ಟಿತ್ತು. ಗಾಳಿಗೆ ಗೇಟು ಹೊಡೆದುಕೊಂಡು ಬಳ್ಳಿ ಹರಿಯುತ್ತದೆಂದು ಪೊರ್ಬುಗಳು ಕಟ್ಟಿದ್ದು. ಅವರು ಅಲ್ಲೇ ಮಂಡಿಯೂರಿ ಬುಡಕ್ಕೆ ಗೋಣಿ ಸುತ್ತುತ್ತಿದ್ದರು.

"ಪೊರ್ಬುಗಳೇ, ಇದನ್ನು ಬಿಚ್ಚಿಬಿಡಿ" ಎಂದೆ.

"ಬಿಚ್ಚುವ ಜಯಣ್ಣ. ಈ ಗಾಳಿಯೊಂದು ನಿಲ್ಲಲಿ."

ಬಾಯಿ ತೆರೆದರೆ ಮರಳು ನುಗ್ಗುವ ಗಾಳಿ. ಆಯಿತು ಎಂದು ತಲೆ ಆಡಿಸಿ ಆಫೀಸಿಗೆ ಬಂದೆ. ಏಸಿಯ ಕೆಳಗೆ ಕೂತು ಕಾಗದ ತೆಗೆದೆ. ಕೊನೆಯ ಸಾಲಿನ ಎದುರು ಪೆನ್ನು ಒಂದು ಕ್ಷಣ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಬಿಚ್ಚುತ್ತಾರಲ್ಲ ಎಂದುಕೊಂಡು ಟಿಕ್ ಹಾಕಿದೆ.

ಭಾನುವಾರ ಗಾಳಿ ನಿಂತಿತು. ಸೋಮವಾರ ಹೋಯಿತು. ನಾನು ಕೇಳಲಿಲ್ಲ, ಅವರು ಬಿಚ್ಚಲಿಲ್ಲ.

ಮಂಗಳವಾರ ಮಧ್ಯಾಹ್ನ ಒಂದು ಗಂಟೆಯ ರೀಡಿಂಗಿಗೆ ನಾನು, ಇಕ್ಬಾಲ್ ಒಳಗೆ ಹೋದೆವು. ಟೂಲ್ ಚೀಲವನ್ನು ಮುಂದಿನ ಗೇಟಿನ ಬಳಿಯೇ ಇಟ್ಟಿದ್ದೆವು. ಗಡಿಯಾರ ಇದ್ದದ್ದು ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ. ಮುಳ್ಳು ಕೆಂಪು ಗೆರೆ ದಾಟಿತ್ತು. ಇಕ್ಬಾಲ್ ಬಗ್ಗಿ ಏನನ್ನೋ ಆಲಿಸಿದ, ಒಳಗೆ ಕುದಿಯುವಂಥ ಸದ್ದು. "ಜಯಾ ಭಾಯಿ, ಚಲೋ" ಎಂದು ನನ್ನ ತೋಳು ಹಿಡಿದು ಎಳೆದ. ಎರಡು ಹೆಜ್ಜೆ ಇಟ್ಟಿರಬೇಕು, ಕೇಬಲ್ ಬಾಕ್ಸ್ ಸಿಡಿಯಿತು. ಆ ಸದ್ದಿಗೆ ಕಿವಿಯಲ್ಲಿ ಬರೀ ಒಂದು ಕೀ ಎನ್ನುವ ಶಬ್ದ ಉಳಿಯಿತು. ಉರಿಯುವ ಎಣ್ಣೆ ನಮ್ಮ ಮತ್ತು ಮುಂದಿನ ಗೇಟಿನ ನಡುವೆ ಸುರಿಯತೊಡಗಿತು. ಜಲ್ಲಿ ಕುಡಿಯುವುದಕ್ಕಿಂತ ಬೇಗ ಅದು ಹರಿಯುತ್ತಿತ್ತು.

ಬೆಂಕಿ ತನ್ನ ಗೇಟನ್ನು ಆರಿಸಿಕೊಂಡಿತ್ತು. ನಮ್ಮದು ಹಿಂದಿನದ್ದು. ಓಡಿ ಮೈಯ ಭಾರವನ್ನೆಲ್ಲ ಹಾಕಿ ದೂಡಿದೆ. ಗೇಟು ಒಂದು ಬೆರಳಿನಷ್ಟು ಸರಿದು ನಿಂತಿತು. ಕಣ್ಣೆದುರಿಗೆ ಎಳೆಯ, ಹಸಿರು, ನೀರು ತುಂಬಿದ ಬಸಳೆ ಎಲೆಗಳು. ಅದರ ಹಿಂದೆ ತಂತಿ.

ಇಕ್ಬಾಲನಿಗೆ ಅರ್ಥವಾಗಿರಲಿಲ್ಲ, ಗೇಟು ಬಿಸಿಗೆ ಹಿಗ್ಗಿ ಸಿಕ್ಕಿಹಾಕಿಕೊಂಡಿದೆ ಎಂದು ನನ್ನ ಬೆನ್ನ ಹಿಂದಿನಿಂದ ಭಾರ ಹಾಕಿ ದೂಡುತ್ತಿದ್ದ. ನನಗೆ ಅರ್ಥವಾಗಿತ್ತು. ತಂತಿಯ ಗಂಟು ಹೊರಗಿತ್ತು, ಬೇಲಿಯ ಕಣ್ಣಿನಲ್ಲಿ ಬೆರಳು ಹೋಗುತ್ತದೆ, ಕೈ ಹೋಗುವುದಿಲ್ಲ. ಮೇಲೆ ಮುಳ್ಳುತಂತಿ. ಬೆನ್ನು ಸುಡುತ್ತಿತ್ತು. ಇಕ್ಬಾಲ್ ನನ್ನ ಹಿಂದೆ, ಬೆಂಕಿಯ ಕಡೆಗೆ ಇದ್ದ. ಕೊನೆಗೆ ಅವನಿಗೂ ತಂತಿ ಕಂಡಿತು. ನನ್ನ ಭುಜದ ಮೇಲಿಂದ ಬಲಗೈ ಚಾಚಿ, ಬೇಲಿಯ ಕಣ್ಣಿನೊಳಗೆ ಎರಡು ಬೆರಳು ತೂರಿಸಿ ಅದನ್ನು ತಿರುಗಿಸಲು ನೋಡಿದ. ಬಿಸಿಯಾದ ತಂತಿ ಬೆರಳಿಗೆ ಅಂಟಿದರೂ ಬಿಡಲಿಲ್ಲ.

"ಪೊರ್ಬುಗಳೇ" ಎಂದು ನಾನು ಕಿರುಚುತ್ತಿದ್ದೆ. ದೇವರ ಹೆಸರು ಬರಲಿಲ್ಲ ಬಾಯಿಗೆ, ಅವರ ಹೆಸರೇ ಬಂತು.

ಅವರು ಬಂದರು. ಊಟದ ಕೈಯಲ್ಲೇ ಓಡಿಬಂದಿದ್ದರು, ಬೆರಳಲ್ಲಿ ಅನ್ನ ಅಂಟಿತ್ತು. ಬಳ್ಳಿಯನ್ನು ಎರಡೂ ಕೈಯಲ್ಲಿ ಸೀಳಿ ಎಸೆದರು. ತಂತಿ ಹಿಡಿದರು. ಅವರೇ ಸುತ್ತಿದ ತಂತಿ, ಯಾವ ಕಡೆಗೆ, ಎಷ್ಟು ಸುತ್ತು ಎಂದು ಅವರ ಕೈಗೆ ಗೊತ್ತಿತ್ತು. ಬಾಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥನೆಯೋ ಬೈಗುಳವೋ, ಕೈ ಮಾತ್ರ ನಿಲ್ಲಲಿಲ್ಲ. ತಂತಿ ಬಿಟ್ಟಿತು. ಗೇಟು ಅರ್ಧ ತೆರೆದು ಚಪ್ಪರದ ಕಂಬಕ್ಕೆ ತಾಗಿ ಮತ್ತೆ ನಿಂತಿತು. ಪೊರ್ಬುಗಳು ಕಂಬವನ್ನು ತಬ್ಬಿ, ಚಪ್ಪರದ ಸಮೇತ ತಮ್ಮ ಮೈಮೇಲೆ ಕೆಡವಿಕೊಂಡರು.

ನಾನು ಮೊದಲು ಹೊರಬಿದ್ದೆ. ಮುಂದೆ ಇದ್ದದ್ದರಿಂದ ಮೊದಲು ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಇಕ್ಬಾಲನನ್ನು ಬದಿಗೆ ದೂಡಿದೆನೋ ಏನೋ, ನನಗೇ ಸರಿಯಾಗಿ ನೆನಪಿಲ್ಲ. ನೆನಪಿಲ್ಲ ಎನ್ನುವುದೇ ನನಗೆ ಹೆದರಿಕೆ.

ಇಕ್ಬಾಲ್ ಬದುಕಿದ. ಬೆನ್ನು, ಕುತ್ತಿಗೆ, ಬಲಗೈ ಸುಟ್ಟಿತ್ತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ಬಲಗೈಯ ಎರಡು ಬೆರಳು ಒಳಗೆ ಮಡಚಿಕೊಂಡವು, ಮತ್ತೆ ಬಿಚ್ಚಲೇ ಇಲ್ಲ. ಇಕ್ಕಳ ಹಿಡಿಯಲಾಗದ ಟೆಕ್ನಿಷಿಯನ್ ಕಂಪನಿಗೆ ಬೇಡವಾದ, ಊರಿಗೆ ಹೋದ. ಎರಡನೇ ವಾರ ನೋಡಲಿಕ್ಕೆ ಹೋದಾಗ ಮಕಾಡೆ ಮಲಗಿದ್ದವನು ಮುಖ ತಿರುಗಿಸಿ ಕೇಳಿದ, "ಭಾಯಿ, ಗೇಟ್ ಕಿಸ್ನೆ ಬಾಂಧಾ ಥಾ?" ಗೇಟು ಕಟ್ಟಿದವರು ಯಾರು ಎಂದು. ನನ್ನ ಬಾಯಿಂದ ಲಿಗೋರಿಯವರ ಹೆಸರು ಬಂತು. ನನ್ನ ಹೆಸರು ಬರಲಿಲ್ಲ.

ಅಷ್ಟು ಹೊತ್ತಿಗೆ ವಿಚಾರಣೆ ಮುಗಿದಿತ್ತು. ಬೆಂಕಿಯ ಮೂರನೇ ದಿನ ಮುದೀರ್ ಕೋಣೆಯಲ್ಲಿ ನಮ್ಮನ್ನು ನಿಲ್ಲಿಸಿದ್ದರು. ಮೇಜಿನ ಮೇಲೆ ನನ್ನ ಶನಿವಾರದ ಕಾಗದ. ಮುಹಂದಿಸ್ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಟಿಕ್ ಹಾಕಿದಾಗ ತಂತಿ ಇತ್ತಾ, ಇರಲಿಲ್ಲವಾ? ಅವರು ಕೇಳಿದ್ದು ಇಷ್ಟೇ. ಇತ್ತು ಎಂದರೆ ನನ್ನ ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ಅವತ್ತೇ ಖಲಾಸ್. ವಸಂತಿ, ಮಕ್ಕಳ ಶಾಲೆ, ಹವಲ್ಲಿಯ ಮನೆ, ಎಲ್ಲ ಕಣ್ಣ ಮುಂದೆ ಬಂತು.

ಎರಡೂ ಅಂಗೈಗೆ ಬ್ಯಾಂಡೇಜು ಸುತ್ತಿಕೊಂಡು ಪಕ್ಕದಲ್ಲಿ ನಿಂತಿದ್ದ ಪೊರ್ಬುಗಳು ತಮ್ಮ ಹರಕು ಅರಬ್ಬಿಯಲ್ಲಿ ಹೇಳಿದರು: ಚಪ್ಪರ ನನ್ನದು, ತಂತಿ ನನ್ನದು, ಶನಿವಾರ ಇವರು ನೋಡಿ ಹೋದ ಮೇಲೆ ಕಟ್ಟಿದ್ದು, ಇವರಿಗೆ ಗೊತ್ತಿಲ್ಲ.

ಮುಹಂದಿಸ್ ಇನ್ನೂ ನನ್ನನ್ನೇ ನೋಡುತ್ತಿದ್ದರು. ಹೂಂ ಎನ್ನಲಿಲ್ಲ ನಾನು. ಅಲ್ಲ ಎಂದೂ ಹೇಳಲಿಲ್ಲ. ಸುಮ್ಮನೆ ನಿಂತೆ. ಊರೆಲ್ಲ ಹಾರಾಡುವ ಬಾಯಿ, ಬೇಕಾದ ಒಂದು ದಿನ ಬೀಗ ಹಾಕಿಕೊಂಡಿತು. ನಾಚಿಕೆಗೇಡು.

ಹತ್ತು ದಿನದಲ್ಲಿ ಪೊರ್ಬುಗಳ ವೀಸಾ ಕ್ಯಾನ್ಸಲ್ ಆಯಿತು. ವಿಮಾನ ನಿಲ್ದಾಣಕ್ಕೆ ನಾನೇ ಕರೆದುಕೊಂಡು ಹೋದೆ. ಅಷ್ಟಾದರೂ ಮಾಡಿದೆ ಎಂದುಕೊಳ್ಳಲಿಕ್ಕೆ. ಅವರ ಕೈಗೆ ಪೆಟ್ಟಿಗೆ ಹಿಡಿಯಲು ಬರುತ್ತಿರಲಿಲ್ಲ, ನಾನು ಎಳೆದುಕೊಂಡು ನಡೆದೆ. ದಾರಿಯುದ್ದಕ್ಕೂ ಕ್ಷಮಿಸಿ ಎನ್ನುವ ಒಂದು ಶಬ್ದವನ್ನು ಬಾಯಲ್ಲಿ ಹೊರಳಿಸುತ್ತಿದ್ದೆ. ಒಳಗೆ ಹೋಗುವ ಬಾಗಿಲ ಹತ್ತಿರ ನಿಂತು, ಮಗಳ ಓದಿಗೆ ನಾನು ಏನಾದರೂ, ಎಂದು ಶುರು ಮಾಡಿದೆ. ಅವರು ಬ್ಯಾಂಡೇಜಿನ ಕೈ ಎತ್ತಿ ತಡೆದರು.

"ಅದೆಲ್ಲ ಬೇಡ ಜಯಣ್ಣ. ನೀವು ಬಿಚ್ಚಲಿಕ್ಕೆ ಹೇಳಿದ್ದಿರಿ, ನಾನು ಕೇಳಲಿಲ್ಲ. ನನ್ನದೂ ತಪ್ಪು ಉಂಟು." ಬಾಗಿಲ ಕಡೆ ತಿರುಗಿದವರು ಮತ್ತೆ ಹೇಳಿದರು, "ಆದರೆ ಇನ್ನು ಮೇಲೆ ಯಾರಿಗೂ ಹೇಳಿ ಹೋಗಬೇಡಿ ಮಾರಾಯ್ರೆ. ಬಿಚ್ಚುವವರೆಗೆ ನಿಂತುಕೊಳ್ಳಿ."

ಅಷ್ಟು ಹೇಳಿ ಒಳಗೆ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ರಜೆಯಲ್ಲಿ ಎರಡು ಸಲ ಕಿನ್ನಿಗೋಳಿಯವರೆಗೆ ಹೋಗಿ, ಅವರ ಮನೆಯ ದಾರಿ ಕೇಳಿ, ಪೇಟೆಯಲ್ಲೇ ಚಹಾ ಕುಡಿದು ವಾಪಸು ಬಂದಿದ್ದೇನೆ. ಮೂರನೇ ಸಲ ಹೋಗುವುದರೊಳಗೆ ಅವರು ತೀರಿಹೋದ ಸುದ್ದಿ ಬಂತು. ಮಗಳು ಓದು ಮುಗಿಸಿ ನರ್ಸ್ ಆದಳು ಎಂದು ಅದೇ ದಿನ ಗೊತ್ತಾಯಿತು. ಹೇಗೆ ಓದಿಸಿದರು ಎಂದು ಕೇಳುವ ಮುಖ ನನಗಿರಲಿಲ್ಲ.

ಇದನ್ನೆಲ್ಲ ಶುಭಳಿಗೆ ಹೇಳಿ ಮುಗಿಸುವಾಗ ಬಟ್ಟಲಿನ ಗಸಿ ತಣ್ಣಗಾಗಿ ಕೆನೆ ಕಟ್ಟಿತ್ತು. ಅವಳ ಮುಖ ಬಾಡಿತ್ತು. ಕೆಳಗಿನದ್ದು ಸಣ್ಣ ಟ್ರಾನ್ಸ್‌ಫಾರ್ಮರ್ ಮಾವ, ಒಳಗೆ ಯಾರೂ ಹೋಗುವುದಿಲ್ಲ, ಎಂದು ಮೆಲ್ಲಗೆ ಹೇಳಿನೋಡಿದಳು. ಎಣ್ಣೆ ಇರುವುದು ಅದರೊಳಗೂ ಹೌದು, ರಿಪೇರಿಗೆ ಯಾರೋ ಒಬ್ಬ ಅಮ್ಮನ ಮಗ ಹೋಗಿಯೇ ಹೋಗುತ್ತಾನೆ ಎಂದೆ.

"ಹಾಗಾದರೆ ನಾಳೆ ಹಾರಿಸ್‌ಗೆ ಹೇಳ್ತೇನೆ, ಅವನು ತೆಗೀತಾನೆ" ಎಂದಳು. ಹಾರಿಸ್ ಎಂದರೆ ಆ ಕಟ್ಟಡದ ಕಾವಲುಗಾರ.

ನಾನು ಎದ್ದು ಕೈ ತೊಳೆದೆ. ಅಡುಗೆಮನೆಯಿಂದ ಅವಳ ಕತ್ತಿಯನ್ನೂ, ಗಂಡನ ಪೆಟ್ಟಿಗೆಯಿಂದ ಒಂದು ಇಕ್ಕಳವನ್ನೂ ತೆಗೆದುಕೊಂಡು ಲಿಫ್ಟಿಗೆ ನಡೆದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದಳು. ಹೊರಗೆ ಎರಡು ಗಂಟೆಯ ಬಿಸಿಲು, ಬೀದಿಯಲ್ಲಿ ಒಂದು ಬೆಕ್ಕೂ ಇರಲಿಲ್ಲ. ಹಾರಿಸ್‌ನನ್ನು ನಿದ್ದೆಯಿಂದ ಎಬ್ಬಿಸಿದೆ. ಅವನು ಕಣ್ಣುಜ್ಜಿಕೊಂಡು, ಬುಕ್ರಾ ಬುಕ್ರಾ, ನಾಳೆ ಮಾಡುತ್ತೇನೆ ಎಂದ. ನಾನು ಇಕ್ಕಳವನ್ನು ಅವನ ಕೈಗೆ ಕೊಟ್ಟೆ.

ಬಳ್ಳಿ ನಿಜಕ್ಕೂ ಚಂದ ಬಂದಿತ್ತು. ಗೇಟಿನ ಒಂದು ಬಾಗಿಲನ್ನು ಪೂರ್ತಿ ಮುಚ್ಚಿತ್ತು. ಬುಡದಲ್ಲಿ ನಾಲ್ಕು ಕಡೆ ತಂತಿಯ ಗಂಟು. ಶುಭ ಕಟ್ಟಡದ ನೆರಳಲ್ಲಿ ನಿಂತು, ಬಿಸಿಲಿಗೆ ತಲೆ ಸುತ್ತುತ್ತದೆ, ಅವನು ತೆಗೆಯುತ್ತಾನೆ, ಈಚೆಗೆ ಬನ್ನಿ ಮಾವ ಎಂದು ಎರಡು ಸಲ ಕರೆದಳು. ಕೊನೆಯ ತಂತಿ ಬಿಚ್ಚುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.